ವಿಮರ್ಶೇಲಿ ಹೊಗಳಿದ ಆ ಒಂದು ಸೀನೇ ಈಗ ಕೈಗೆ ಸಿಗ್ತಿಲ್ಲ, ಏನ್ ಮಾಡ್ಲಿ?

ಓದುಗರ ಪ್ರಶ್ನೆ: ಮೇಡಂ ನಮಸ್ತೆ. ನಾನು ಹಾಸನದ ಕಡೆಯವಳು, 31 ವರ್ಷ, ಒಂದು ಸಹಕಾರಿ ಬ್ಯಾಂಕಲ್ಲಿ ಕ್ಯಾಶಿಯರ್. ಕಾಲೇಜು ದಿನಗಳಿಂದ ಹವ್ಯಾಸಿ ತಂಡದಲ್ಲಿ ನಾಟಕ ಮಾಡ್ತಾ ಬಂದಿದೀನಿ. ಈ ವರ್ಷ ನಮ್ಮ ಹೊಸ ನಾಟಕದಲ್ಲಿ ನನ್ನದು ಮಗ ಮನೆ ಬಿಟ್ಟು ಹೋದ ತಾಯಿ ಪಾತ್ರ. ಎರಡನೇ ಶೋ ಬೆಂಗಳೂರಲ್ಲಿ ಒಂದು ಸಣ್ಣ ರಂಗಮಂದಿರದಲ್ಲಿ ಆಯ್ತು, ಅದಕ್ಕೆ ಬಂದಿದ್ದ ವಿಮರ್ಶಕರೊಬ್ಬರು ಪತ್ರಿಕೆ ಪುರವಣಿಲಿ ‘ಪಕ್ಕದ ಮನೆಯಾತ ಕಾಗದ ಓದುತ್ತಿರುವಾಗ ಮಗನ ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಆಕೆಯ ಕೈ ನಿಂತುಹೋಗುತ್ತದೆ, ಆ ಮೌನದಲ್ಲಿ ಇಡೀ ನಾಟಕ ಇತ್ತು, ಆಕೆಯದು ಪರಕಾಯ ಪ್ರವೇಶ’ ಅಂತ ಬರೆದ್ರು. ಓದಿ ರಾತ್ರಿಯೆಲ್ಲಾ ನಿದ್ದೆ ಬರ್ಲಿಲ್ಲ ಖುಷಿಗೆ. ಆದ್ರೆ ಅದಾದ ಮೇಲೆ ಹಾಸನಾಂಬ ಕಲಾಕ್ಷೇತ್ರದಲ್ಲಿ, ಅರಸೀಕೆರೇಲಿ, ಚನ್ನರಾಯಪಟ್ಟಣದ ಒಂದು ಕಾಲೇಜು ಮೈದಾನದಲ್ಲಿ ಶೋ ಆಯ್ತು, ಎಲ್ಲಾ ಕಡೆನೂ ಆ ಜಾಗ ಬಂದಾಗ ಒಳಗೆ ಏನೂ ಆಗ್ತಿಲ್ಲ. ಕೈ ನಿಲ್ಲಿಸ್ತೀನಿ, ಕಣ್ಣಲ್ಲಿ ನೀರೂ ಬರತ್ತೆ, ಆದ್ರೆ ಜನ ಕೆಮ್ತಾರೆ, ಮೊಬೈಲ್ ತೆಗೀತಾರೆ. 1 ಗಂಟೆ 25 ನಿಮಿಷ ಇದ್ದ ನಾಟಕ ಈಗ ಒಂದೂವರೆ ದಾಟ್ತಿದೆ ಅಂತ ಡೈರೆಕ್ಟರ್ ಸಿಡುಕ್ತಾರೆ. ಕಾಗದ ಓದೋ ಪಾತ್ರ ಮಾಡೋ ಹುಡುಗ ಮೊದಲಿನ ಹಾಗೆ ಮಾತಾಡ್ತಿಲ್ಲ, ವಿಮರ್ಶೇಲಿ ಅವನ ಹೆಸರೇ ಬಂದಿರ್ಲಿಲ್ಲ. ನಮ್ಮತ್ತೆ ದೃಷ್ಟಿ ಆಗಿದೆ ಅಂತಾರೆ. ತಂಡದ ಹಿರಿಯ ನಟರೊಬ್ಬರು ನಿಜವಾದ ಕಲಾವಿದರು ವಿಮರ್ಶೆ ಓದೋದೇ ಇಲ್ಲ ಅಂದ್ರು. ಇನ್ನೊಂದು ಕಡೆ ಇಷ್ಟು ಹೊಗಳಿದಾರೆ ಅಂದ್ಮೇಲೆ ಕೆಲಸ ಬಿಟ್ಟು ಪೂರ್ತಿ ರಂಗಭೂಮಿಗೋ ಸೀರಿಯಲ್‌ಗೋ ಹೋಗ್ಬೇಕೇನೋ ಅಂತನೂ ಅನ್ಸತ್ತೆ, ಮನೆ ಲೋನ್ ಇದೆ, ಐದು ವರ್ಷದ ಮಗಳಿದಾಳೆ. ಆ ವಿಮರ್ಶಕರಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳ್ಬೇಕಾ ಬೇಡ್ವಾ ಅದೂ ಗೊತ್ತಾಗ್ತಿಲ್ಲ. ದಯವಿಟ್ಟು ತಿಳಿಸಿ.

ಉತ್ತರ:

ನಮಸ್ತೆ. ಮೊದಲು ಒಂದು ಸಮಾಧಾನದ ಮಾತು, ಇದು ನಿಮಗೊಬ್ಬರಿಗೇ ಆಗಿರೋದಲ್ಲ. ನಾನು ನಿರ್ದೇಶನ ಮಾಡಿರೋ ತಂಡಗಳಲ್ಲಿ, ಕಲಿಸಿರೋ ಶಿಬಿರಗಳಲ್ಲಿ ಬೈದ ವಿಮರ್ಶೆಯಿಂದ ಕೆಟ್ಟ ನಟರಿಗಿಂತ ಹೊಗಳಿದ ವಿಮರ್ಶೆಯಿಂದ ತಡವರಿಸಿದವರನ್ನೇ ಜಾಸ್ತಿ ನೋಡಿದೀನಿ. ಬೈದ್ರೆ ಎರಡು ದಿನ ಸಿಟ್ಟು ಬರತ್ತೆ, ಅಳು ಬರತ್ತೆ, ಆಮೇಲೆ ರಿಹರ್ಸಲ್‌ಗೆ ಬಂದು ಕೆಲಸ ಮಾಡ್ತಾರೆ. ಹೊಗಳಿದಾಗ, ಅದ್ರಲ್ಲೂ ನಿಮ್ಮನ್ನ ಹೊಗಳಿದ ಹಾಗೆ ಇಂಥಾ ಸೀನಲ್ಲಿ ಇಂಥಾ ಮಾತಿಗೆ ಕೈ ಹೀಗೆ ನಿಂತಾಗ ಅಂತ ಬೆರಳಿಟ್ಟು ತೋರಿಸಿ ಹೊಗಳಿದಾಗ, ನಟರು ಆ ಒಂದು ಕ್ಷಣಕ್ಕೆ ಕಾವಲು ಕೂತ್ಬಿಡ್ತಾರೆ. ನಾಟಕ ಶುರುವಾದಾಗಿಂದ ಮನಸ್ಸು ಅಲ್ಲೇ ಇರತ್ತೆ, ಇನ್ನು ನಾಲ್ಕು ಮಾತಿದೆ, ಇನ್ನು ಎರಡಿದೆ, ಈಗ ಬಂತು. ಬಂದಾಗ ಅಲ್ಲಿ ಏನೂ ಇರಲ್ಲ.

ನಿಮ್ಮ ಪತ್ರದಲ್ಲಿ ಸುಮಾರು ವಿಷಯ ಒಂದಕ್ಕೊಂದು ಕಲೆಸ್ಕೊಂಡಿದೆ, ಆದ್ರೆ ಎಲ್ಲದರ ಅಡಿಯಲ್ಲಿರೋ ಭಯ ಒಂದೇ ಅಂತ ನನಗೆ ಅನ್ಸತ್ತೆ, ಆವತ್ತು ಬಂದಿದ್ದು ನಿಜವಾಗ್ಲೂ ನನ್ನ ಕೈಯಿಂದ ಬಂದಿದ್ದಾ ಇಲ್ಲಾ ಏನೋ ಅದೃಷ್ಟಕ್ಕೆ ಆಗಿಹೋಯ್ತಾ ಅನ್ನೋದು. ನಿಮ್ಮ ಕೈಯಿಂದಾನೇ ಬಂದಿದ್ದು. ಆದ್ರೆ ಅದು ಬಂದ ದಾರಿ ಬೇರೆ, ನೀವೀಗ ಹುಡುಕ್ತಿರೋ ದಾರಿ ಬೇರೆ.

ಮೊದಲು ಸುತ್ತಮುತ್ತಲಿನವರು ಹೇಳಿರೋ ಮಾತು ನೋಡೋಣ. ನಿಜವಾದ ಕಲಾವಿದರು ವಿಮರ್ಶೆ ಓದಲ್ಲ ಅನ್ನೋದು ನಮ್ಮಲ್ಲಿ ಬಹಳ ಓಡಾಡೋ ಮಾತು. ನನಗೆ ಗೊತ್ತಿರೋ ದೊಡ್ಡ ನಟನಟಿಯರಲ್ಲಿ ಓದೋರೂ ಇದಾರೆ, ಓದದೇ ಇರೋರೂ ಇದಾರೆ, ನಾಟಕದ ಪೂರ್ತಿ ಸರಣಿ ಮುಗಿಯೋ ತನಕ ಮನೇಲಿ ಎತ್ತಿಡಿಸಿ ಆಮೇಲೆ ಒಟ್ಟಿಗೆ ಓದೋರೂ ಇದಾರೆ. ಓದೋದು ಬಿಡೋದು ಅವರವರ ಸ್ವಭಾವ, ಅದಕ್ಕೂ ಅಭಿನಯದ ಯೋಗ್ಯತೆಗೂ ಸಂಬಂಧ ಇಲ್ಲ. ಈಗಾಗ್ಲೇ ಓದಿರೋ ನಿಮಗೆ ಓದಬೇಡಿ ಅಂದ್ರೆ ಏನು ಉಪಯೋಗ. ಓದಿದ್ದನ್ನ ಹೇಗೆ ಇಟ್ಕೊಳ್ಬೇಕು ಅನ್ನೋದು ನಿಮಗೆ ಬೇಕಾಗಿರೋದು, ಅದಕ್ಕೆ ಬರ್ತೀನಿ. ದೃಷ್ಟಿ ವಿಷಯ, ಅತ್ತೆ ಪ್ರೀತಿಯಿಂದ ತೆಗೀತೀನಿ ಅಂದ್ರೆ ತೆಗೆಸ್ಕೊಳ್ಳಿ, ಅವರಿಗೆ ನಿಮ್ಮ ನಾಟಕ ಮುಖ್ಯ ಅನ್ನೋದಾದ್ರೂ ಅದ್ರಲ್ಲಿದೆ, ಎಷ್ಟೋ ಮನೇಲಿ ಅದೂ ಇರಲ್ಲ. ಆದ್ರೆ ಕಾರಣ ಅಲ್ಲಿ ಹುಡುಕ್ಬೇಡಿ, ಯಾಕಂದ್ರೆ ಬೇರೆಯವರ ಕಣ್ಣಿಂದ ಕೆಟ್ಟಿತು ಅಂದ್ಕೊಂಡ್ರೆ ಸರಿ ಮಾಡೋಕೆ ನಿಮ್ಮ ಕೈಲಿ ಏನೂ ಉಳಿಯಲ್ಲ.

ಮೂರನೇದು ಸ್ವಲ್ಪ ಕಷ್ಟದ್ದು. ಪರಕಾಯ ಪ್ರವೇಶ ಅನ್ನೋ ಮಾತನ್ನ ನೀವು ಪೂರ್ತಿ ನಂಬಿಬಿಟ್ಟಿದೀರ. ವಿಮರ್ಶಕರು ಅದನ್ನ ಮೆಚ್ಚುಗೆಗೆ ಬಳಸಿದಾರೆ, ತಪ್ಪಿಲ್ಲ, ಆದ್ರೆ ಅದು ಕೂತು ನೋಡಿದವರಿಗೆ ಕಂಡ ರೀತಿ. ಸ್ಟೇಜ್ ಮೇಲಿದ್ದ ನಿಮಗೆ ಆವತ್ತು ಏನಾಗಿತ್ತು? ನೀವು ನೀವಾಗೇ ಇದ್ರಿ, ಲೈಟ್ ಎಲ್ಲಿ ಬೀಳತ್ತೆ ಅಂತ ಗೊತ್ತಿತ್ತು, ಮುಂದಿನ ಮಾತು ಗೊತ್ತಿತ್ತು, ಸೂಜಿ ಬೆರಳಿಗೆ ಚುಚ್ಚದ ಹಾಗೆ ನೋಡ್ಕೊಂಡಿದ್ರಿ. ಯಾವುದೋ ಆವೇಶ ಬಂದು ಹೋಯ್ತು, ಈಗ ಅದು ಬರ್ತಿಲ್ಲ ಅಂತ ಕಾಯೋಕೆ ಶುರು ಮಾಡಿದ್ರೆ ಅದು ಯಾವತ್ತೂ ಬರಲ್ಲ, ಯಾಕಂದ್ರೆ ಆವತ್ತೂ ಅದು ಬಂದಿರ್ಲಿಲ್ಲ.

ಒಂದು ಪ್ರಶ್ನೆ ಕೇಳ್ತೀನಿ, ಪ್ರಾಮಾಣಿಕವಾಗಿ ಯೋಚ್ನೆ ಮಾಡಿ. ಈಗಿನ ಶೋಗಳಲ್ಲಿ ನೀವು ಗುಂಡಿ ನಿಜವಾಗ್ಲೂ ಹೊಲೀತಿದೀರಾ, ಇಲ್ಲಾ ಹೊಲಿಯೋ ಹಾಗೆ ಕೈ ಆಡಿಸ್ತಿದೀರಾ? ನನ್ನ ಊಹೆ, ಮೊದಲ ಎರಡು ಶೋಲಿ ಪ್ರಾಪ್ಸ್ ಹೊಸದು, ಗುಂಡಿ ಜಾರ್ತಿತ್ತು, ದಾರ ಗಂಟಾಗ್ತಿತ್ತು, ನಿಮ್ಮ ಪೂರ್ತಿ ಗಮನ ಸೂಜಿ ಮೇಲಿತ್ತು, ಕಿವಿಗೆ ಮಾತ್ರ ಕಾಗದದ ಮಾತು ಬೀಳ್ತಿತ್ತು. ಆಗ ಆ ಒಂದು ಸಾಲು ಬಂತು, ಕೈ ತಾನಾಗೇ ನಿಂತಿತು. ನಿಲ್ಲಿಸ್ಬೇಕು ಅಂತ ನೀವು ನಿಲ್ಲಿಸಿದ್ದಲ್ಲ, ಅರ್ಧ ಹಾಕಿದ ಹೊಲಿಗೆ ಮುಂದುವರಿಸೋಕೆ ಆಗ್ಲಿಲ್ಲ ಅಷ್ಟೆ. ವಿಮರ್ಶೆ ಬಂದ ಮೇಲೆ ಹೊಲಿಗೆ ಒಂದು ನೆಪ ಆಗಿದೆ, ನಿಲ್ಲೋದೇ ಮುಖ್ಯ ಆಗಿದೆ. ಮಾಡೋ ಕೆಲಸ ಇಲ್ಲದೇ ಇದ್ರೆ ನಿಲ್ಲೋದಕ್ಕೆ ಏನಿದೆ? ಪ್ರೇಕ್ಷಕರಿಗೆ ಇದು ಬಾಯಿ ಬಿಟ್ಟು ಹೇಳೋಕೆ ಬರಲ್ಲ, ಆದ್ರೆ ತಕ್ಷಣ ಗೊತ್ತಾಗತ್ತೆ, ಅವರು ಕೆಮ್ಮೋದು ಅದಕ್ಕೇ.

ಹೊಗಳಿಕೆ ಅನ್ನೋದು ಯಾವಾಗ್ಲೂ ಪರಿಣಾಮವನ್ನ ಹೇಳತ್ತೆ, ಕಾರಣವನ್ನ ಹೇಳಲ್ಲ, ಹೇಳೋಕೆ ಆಗೋದೂ ಇಲ್ಲ, ಅದು ವಿಮರ್ಶಕರ ಕೆಲಸನೂ ಅಲ್ಲ. ಅವರು ಕೂತಿದ್ದ ಕುರ್ಚಿಗೆ ಏನು ಬಂದು ತಲುಪಿತೋ ಅದನ್ನ ಬರೀತಾರೆ. ನಟರು ಮಾಡೋ ತಪ್ಪು ಏನಂದ್ರೆ ಆ ತಲುಪಿದ್ದನ್ನೇ ಮುಂದಿನ ಶೋಲಿ ಅಭಿನಯಿಸೋಕೆ ಹೋಗೋದು. ರಷ್ಯಾದ ರಂಗ ನಿರ್ದೇಶಕ ಸ್ತಾನಿಸ್ಲಾವ್‌ಸ್ಕಿ ಬಗ್ಗೆ ನೀವು ಶಿಬಿರಗಳಲ್ಲಿ ಕೇಳಿರ್ತೀರ, ಭಾವನೆ ನೆನಪು ಮಾಡ್ಕೊಳ್ಳೋದರ ಬಗ್ಗೆ ಅಷ್ಟೆಲ್ಲಾ ಹೇಳಿದ ಆ ಮನುಷ್ಯನೇ 1938ರಲ್ಲಿ ತೀರಿಹೋಗೋ ಮುಂಚಿನ ಕೊನೆಯ ವರ್ಷಗಳಲ್ಲಿ ಒತ್ತು ಕೊಟ್ಟಿದ್ದು ದೈಹಿಕ ಕ್ರಿಯೆ ಮೇಲೆ, ಭಾವನೆಯನ್ನ ನೇರವಾಗಿ ಹಿಡಿಯೋಕೆ ಹೋಗ್ಬೇಡ, ಕೈಗೆ ಸರಿಯಾದ ಕೆಲಸ ಕೊಡು, ಅದನ್ನ ಕ್ರಮವಾಗಿ ಮಾಡು, ಭಾವ ಹಿಂದಿಂದ ಬರತ್ತೆ ಅನ್ನೋ ದಾರಿ ಅದು. ನಿಮ್ಮ ಸೀನಿಗೆ ಇದಕ್ಕಿಂತ ಒಳ್ಳೆ ಔಷಧಿ ನನಗೆ ಗೊತ್ತಿಲ್ಲ.

ಕಣ್ಣೀರು ಬರತ್ತೆ ಆದ್ರೂ ಜನಕ್ಕೆ ತಟ್ಟಲ್ಲ ಅಂದ್ರಲ್ಲ, ಅದರ ಬಗ್ಗೆನೂ ಒಂದು ಮಾತು. ನಟಿಯ ಕಣ್ಣಲ್ಲಿ ನೀರು ಬಂದ್ರೆ ಪ್ರೇಕ್ಷಕರ ಕಣ್ಣಲ್ಲೂ ಬರತ್ತೆ ಅನ್ನೋದು ನಿಯಮ ಏನಲ್ಲ, ಎಷ್ಟೋ ಸಲ ಉಲ್ಟಾನೇ ಆಗತ್ತೆ, ನೀವು ಅತ್ತು ಮುಗಿಸಿಬಿಟ್ರೆ ಅವರಿಗೆ ಅಳೋದಕ್ಕೆ ಏನೂ ಉಳಿದಿರಲ್ಲ. ಈಗ ಬರ್ತಿರೋ ನೀರು ಆ ತಾಯಿದೋ, ಅಯ್ಯೋ ಇವತ್ತೂ ಆಗ್ತಿಲ್ವಲ್ಲಾ ಅನ್ನೋ ನಿಮ್ಮದೋ, ಅದನ್ನೂ ಸ್ವಲ್ಪ ನೋಡ್ಕೊಳ್ಳಿ.

ಇನ್ನು ನಿಮ್ಮ ಪತ್ರದಲ್ಲಿ ನೀವೇ ಬರೆದು ನೀವೇ ಗಮನಿಸದೇ ಇರೋ ಒಂದು ದೊಡ್ಡ ವಿಷಯ ಇದೆ. ಹೊಗಳಿಕೆ ಬಂದ ಶೋ ಆಗಿದ್ದು ಸಣ್ಣ ರಂಗಮಂದಿರದಲ್ಲಿ, ಅಲ್ಲಿ ಕೊನೇ ಸಾಲಿನಲ್ಲಿ ಕೂತವರಿಗೂ ನಿಮ್ಮ ಬೆರಳು ಕಾಣತ್ತೆ. ಆಮೇಲೆ ಆಡಿದ್ದೆಲ್ಲಾ ದೊಡ್ಡ ಜಾಗ, ಒಂದು ಬಯಲು ಬೇರೆ. ಕಲಾಕ್ಷೇತ್ರದ ಥರದ ಹಾಲ್‌ನಲ್ಲಿ ಇಪ್ಪತ್ತನೇ ಸಾಲಲ್ಲಿ ಕೂತವರಿಗೆ ಸೂಜಿ ಹಿಡಿದ ಕೈ ನಿಂತಿದ್ದು ಕಾಣಲ್ಲ, ಅವರಿಗೆ ಕಾಣೋದು ಒಬ್ಬ ಹೆಂಗಸು ಸುಮ್ನೆ ಕೂತಿರೋದು, ಎದುರಿಗೊಬ್ಬ ಸುಮ್ನೆ ನಿಂತಿರೋದು. ಮಾತು ಮರೆತ್ರೇನೋ ಅಂದ್ಕೊಂಡಿರ್ತಾರೆ ಪಾಪ. ಮೈದಾನದಲ್ಲಂತೂ ಗಾಳಿ, ಮಕ್ಕಳು, ಹಿಂದೆ ನಿಂತು ನೋಡೋರು, ಅಲ್ಲಿ ಮೌನ ಅನ್ನೋದು ಹುಟ್ಟೋದೇ ಕಷ್ಟ. ಹಾಗಾಗಿ ನೀವು ಕಳ್ಕೊಂಡಿದೀನಿ ಅಂತ ಅಂದ್ಕೊಂಡಿರೋದ್ರಲ್ಲಿ ಒಂದು ಪಾಲು ನಿಮ್ಮೊಳಗೆ ಕಳೆದೇ ಇಲ್ಲ, ಜಾಗ ಬದಲಾಗಿದೆ, ಬ್ಲಾಕಿಂಗ್, ಅಂದ್ರೆ ಸ್ಟೇಜ್ ಮೇಲೆ ಯಾರು ಎಲ್ಲಿ ಹೇಗೆ ಇರ್ಬೇಕು ಅನ್ನೋ ಏರ್ಪಾಡು, ಬದಲಾಗಿಲ್ಲ. ಇದನ್ನ ಡೈರೆಕ್ಟರ್ ಹತ್ರ ಮಾತಾಡಲೇಬೇಕು, ನೀವೊಬ್ರೇ ಹೊತ್ಕೊಳ್ಳೋ ಭಾರ ಅಲ್ಲ ಇದು.

ಪ್ರೇಕ್ಷಕರ ಮೌನದ ವಿಷಯ ಬಂತಲ್ಲ, ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಸಿದ್ಧಿ ಅಂತ ಒಂದು ಅಧ್ಯಾಯನೇ ಇದೆ, ಪ್ರಯೋಗ ಗೆದ್ದಿತೋ ಇಲ್ಲವೋ ಹೇಗೆ ತಿಳಿಯೋದು ಅನ್ನೋದರ ಬಗ್ಗೆ. ಭರತ ಎರಡು ಥರ ಮಾಡ್ತಾನೆ. ಮಾನುಷೀ ಸಿದ್ಧಿ ಅಂದ್ರೆ ಕಣ್ಣಿಗೆ ಕಿವಿಗೆ ಸಿಗೋದು, ಮುಗುಳ್ನಗೆ, ಜೋರು ನಗು, ಸಾಧು ಅನ್ನೋದು, ಅಯ್ಯೋ ಅನ್ನೋದು, ಮೈ ಜುಮ್ಮನ್ನೋದು, ಎದ್ದು ನಿಲ್ಲೋದು, ಬಟ್ಟೆ ಉಂಗುರ ಎಸೆಯೋದು. ನಮ್ಮ ಕಂಪನಿ ನಾಟಕದಲ್ಲಿ ಒನ್ಸ್ ಮೋರ್ ಕೂಗೋದು, ಸ್ಟೇಜ್ ಮೇಲೆ ಬಂದು ಉಡುಗೊರೆ ಕೊಟ್ಟು ಆಹೇರಿ ಮಾಡೋದು, ಮೆಡಲ್ ಹಾಕೋದು ಎಲ್ಲಾ ಈ ಜಾತಿಗೇ ಸೇರಿದ್ದು. ಇನ್ನೊಂದು ದೈವಿಕೀ ಸಿದ್ಧಿ, ರಂಗಮಂದಿರ ತುಂಬಿದೆ, ಆದ್ರೆ ಸದ್ದಿಲ್ಲ, ಗಲಿಬಿಲಿ ಇಲ್ಲ. ನಿಮಗೆ ಬೆಂಗಳೂರಲ್ಲಿ ಸಿಕ್ಕಿದ್ದು ಇದು. ನನಗೆ ಈ ಅಧ್ಯಾಯದಲ್ಲಿ ಬಹಳ ಹಿಡಿಸೋದು ಏನಂದ್ರೆ ಇದನ್ನ ಅವನು ಪ್ರಯೋಗದ ಸಿದ್ಧಿ ಅಂತ ಲೆಕ್ಕ ಹಾಕ್ತಾನೆ, ಯಾರೋ ಒಬ್ಬ ನಟಿಯ ಸೊತ್ತು ಅಂತಲ್ಲ. ಆ ಮೌನಕ್ಕೆ ಕಾಗದ ಓದೋ ಹುಡುಗ ಎಲ್ಲಿ ಉಸಿರು ತಗೊಂಡ ಅನ್ನೋದು ಸೇರಿದೆ, ಲೈಟ್ ಆಪರೇಟ್ ಮಾಡೋರು ಫೇಡ್ ಔಟ್ ಎಷ್ಟು ತಡ ಮಾಡಿದ್ರು ಅನ್ನೋದು ಸೇರಿದೆ, ಸಂಗೀತದವರು ಅಲ್ಲಿ ಹಾರ್ಮೋನಿಯಂ ಮುಟ್ಟದೇ ಸುಮ್ನೆ ಕೂತಿದ್ದೂ ಸೇರಿದೆ.

ಅದೇ ಅಧ್ಯಾಯದಲ್ಲಿ ಪ್ರಾಶ್ನಿಕರು ಅಂತ ಬರ್ತಾರೆ, ಪ್ರಯೋಗವನ್ನ ಪರೀಕ್ಷೆ ಮಾಡೋರು. ಯಜ್ಞ ಬಲ್ಲವನು, ನರ್ತಕ, ಛಂದಸ್ಸು ಬಲ್ಲವನು, ಬಿಲ್ವಿದ್ಯೆ ಬಲ್ಲವನು, ಚಿತ್ರಕಾರ, ವೇಶ್ಯೆ, ಗಾಯಕ, ರಾಜನ ಸೇವಕ ಹೀಗೆ, ಒಬ್ಬೊಬ್ಬರು ತಮಗೆ ಗೊತ್ತಿರೋ ವಿಷಯಕ್ಕೆ ತೀರ್ಪು ಕೊಡೋರು. ಎಲ್ಲಾ ಬಲ್ಲ ಒಬ್ಬನೇ ವಿಮರ್ಶಕ ಅನ್ನೋ ಕಲ್ಪನೆನೇ ಅಲ್ಲಿಲ್ಲ. ನಿಮ್ಮ ವಿಮರ್ಶಕರನ್ನೂ ಹಾಗೇ ತಗೊಳ್ಳಿ. ಅವರು ಸಾಹಿತ್ಯದಿಂದ ಬಂದವರಾದ್ರೆ ಮಾತಿನ ಅರ್ಥ ಚೆನ್ನಾಗಿ ಹಿಡೀತಾರೆ, ರಂಗದಲ್ಲಿ ದುಡಿದವರಾದ್ರೆ ಚಲನೆ, ಲಯ ಕಾಣತ್ತೆ. ಅವರು ಏನನ್ನ ನೋಡಬಲ್ಲವರು ಅಂತ ಗೊತ್ತಾದ್ರೆ ಅವರ ಮಾತಿಗೆ ಎಷ್ಟು ತೂಕ ಕೊಡ್ಬೇಕು ಅನ್ನೋದೂ ಗೊತ್ತಾಗತ್ತೆ.

ವಿಮರ್ಶೆ ಬರೆಯೋರ ಕಷ್ಟನೂ ನಮಗೆ ಗೊತ್ತಿರ್ಬೇಕು. ಅವರು ನೋಡೋದು ಸಾಮಾನ್ಯವಾಗಿ ಒಂದೇ ಶೋ, ಅದೂ ನಾಟಕ ಇನ್ನೂ ಹದಕ್ಕೆ ಬರೋ ಮುಂಚಿನ ಮೊದಲ ಶೋಗಳು. ಪುರವಣಿಲಿ ಜಾಗ ಕಮ್ಮಿ, ಕಥೆ ಹೇಳ್ಬೇಕು, ನಾಟಕಕಾರರು, ನಿರ್ದೇಶಕರು, ಬೆಳಕು, ಸಂಗೀತ ಅಂತ ಹೆಸರು ಹೇಳ್ಬೇಕು, ನಟರಿಗೆ ಉಳಿಯೋದು ಕೊನೇ ಪ್ಯಾರಾ. ಅಲ್ಲಿ ‘ಪಾತ್ರಕ್ಕೆ ಜೀವ ತುಂಬಿದರು’, ‘ನ್ಯಾಯ ಒದಗಿಸಿದರು’, ‘ಮನೋಜ್ಞ ಅಭಿನಯ’, ‘ಗಮನ ಸೆಳೆದರು’ ಅಂತ ಹೋಗ್ತಾ ಇರತ್ತೆ. ಈ ಮಾತುಗಳಿಂದ ನಟರಿಗೆ ಪ್ರಯೋಜನ ಕಮ್ಮಿ, ಇವನ್ನ ಯಾವ ನಟರ ಮುಂದೆ ಬೇಕಾದ್ರೂ ಇಡಬಹುದು. ನಿಮ್ಮ ವಿಮರ್ಶೇಲಿ ಪರಕಾಯ ಪ್ರವೇಶ ಅನ್ನೋದು ಈ ಗುಂಪಿಗೆ ಸೇರಿದ್ದು, ಅದನ್ನ ಬಿಟ್ಟುಬಿಡಿ. ‘ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಕೈ ನಿಂತುಹೋಗುತ್ತದೆ’ ಅನ್ನೋದು ಮಾತ್ರ ಬೇರೆ ಯಾರ ಬಗ್ಗೆನೂ ಬರೆಯೋಕೆ ಆಗಲ್ಲ, ಅದು ಆ ಮನುಷ್ಯ ನಿಜವಾಗ್ಲೂ ನೋಡಿದಾರೆ ಅನ್ನೋದಕ್ಕೆ ಸಾಕ್ಷಿ. ಹಾಗಾಗಿ ಮುಖಸ್ತುತಿನಾ ಅನ್ನೋ ಅನುಮಾನ ನಿಮ್ಮಲ್ಲಿ ಒಂದಿಷ್ಟಾದ್ರೂ ಇದ್ರೆ ತೆಗೆದುಹಾಕಿ.

ಒಳ್ಳೆ ವಿಮರ್ಶೆ ಒಬ್ಬ ನಟನಿಗೆ ಏನು ಮಾಡಬಲ್ಲದು ಅನ್ನೋದಕ್ಕೆ ಲಂಡನ್ನಿನ ಎಡ್ಮಂಡ್ ಕೀನ್ ಕಥೆ ಹೇಳ್ತಾರೆ. 1814ರ ಜನವರಿಲಿ ಡ್ರೂರಿ ಲೇನ್ ರಂಗಮಂದಿರದಲ್ಲಿ ಷೇಕ್ಸ್‌ಪಿಯರನ ಮರ್ಚೆಂಟ್ ಆಫ್ ವೆನಿಸ್ ನಾಟಕದ ಶೈಲಾಕ್ ಆಗಿ ಬಂದಾಗ ಅವನು ಊರೂರು ಅಲೆದು ನಾಟಕ ಆಡ್ತಿದ್ದ ಬಡ ನಟ. ಹ್ಯಾಜ್ಲಿಟ್ ಅನ್ನೋ ವಿಮರ್ಶಕ ನೋಡಿ ಪತ್ರಿಕೆಲಿ ಬರೆದ, ಕೀನ್ ಹೆಸರು ಊರೆಲ್ಲಾ ಆಯ್ತು. ಅದೇ ಹ್ಯಾಜ್ಲಿಟ್ ಮುಂದಿನ ಪಾತ್ರಗಳಲ್ಲಿ ಕೀನ್ ಎಲ್ಲಿ ಅತಿ ಮಾಡ್ತಾನೆ ಅನ್ನೋದನ್ನೂ ಬರೆದ, ಹಾಗೆ ಬರೆಯೋ ವಿಮರ್ಶಕರು ಸಿಕ್ಕೋದು ನಟರ ಪುಣ್ಯ. ಇನ್ನು ಕವಿ ಕೋಲ್‌ರಿಜ್, ಕೀನ್ ಅಭಿನಯ ನೋಡೋದು ಅಂದ್ರೆ ಮಿಂಚಿನ ಬೆಳಕಲ್ಲಿ ಷೇಕ್ಸ್‌ಪಿಯರನ್ನ ಓದಿದ ಹಾಗೆ ಅಂದ. ಇದನ್ನ ಎಲ್ಲರೂ ದೊಡ್ಡ ಹೊಗಳಿಕೆ ಅಂತಾನೇ ಎತ್ತಿ ಆಡ್ತಾರೆ. ಆದ್ರೆ ಮಿಂಚಿನ ಮಧ್ಯೆ ಕತ್ತಲೂ ಇರತ್ತಲ್ಲ, ಅದನ್ನೂ ಅವನು ಹೇಳ್ತಿದಾನೆ ಅಂತ ನನ್ನ ಓದು. ನಿಮ್ಮ ವಿಮರ್ಶೇಲೂ ‘ಆ ಮೌನದಲ್ಲಿ ಇಡೀ ನಾಟಕ ಇತ್ತು’ ಅಂತ ಇದೆ. ಸಂತೋಷ ಪಡಿ, ಜೊತೆಗೆ ಉಳಿದ 1 ಗಂಟೆ 24 ನಿಮಿಷದಲ್ಲಿ ನಾನು ಏನ್ ಮಾಡ್ತಿದ್ದೆ ಅಂತ ಒಂದ್ಸಲ ಕೇಳ್ಕೊಳ್ಳಿ. ನಿಮ್ಮನ್ನ ಚುಚ್ಚೋಕೆ ಹೇಳ್ತಿಲ್ಲ, ಒಂದೇ ಜಾಗಕ್ಕೆ ಅಂಟಿಕೊಂಡಿರೋ ಗಮನವನ್ನ ಪಾತ್ರದ ಉದ್ದಕ್ಕೂ ಹರಡೋಕೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಈಗ ಮಾಡೋದೇನು. ಮುಂದಿನ ರಿಹರ್ಸಲ್‌ಗೆ ಅದೇ ಅಂಗಿ ಹಿಡ್ಕೊಂಡು ಹೋಗಿ, ಗುಂಡಿ ಕಿತ್ತು ಹಾಕಿ, ಪ್ರತಿ ಸಲ ಹೊಸದಾಗಿ ಹೊಲೀರಿ. ಸೂಜಿಗೆ ದಾರ ಮೊದಲೇ ಪೋಣಿಸಿಟ್ಕೊಳ್ಳಿ, ಲೈಟ್ ಕಮ್ಮಿ ಇರೋ ಕಡೆ ಪೋಣಿಸೋಕೆ ಹೋದ್ರೆ ಸೀನೇ ಹೋಗತ್ತೆ, ಆದ್ರೆ ಹೊಲಿಗೆ ನಿಜವಾಗ್ಲೂ ಬೀಳ್ಬೇಕು, ಸೀನ್ ಮುಗಿಯೋಷ್ಟ್ರಲ್ಲಿ ಗುಂಡಿ ಭದ್ರ ಆಗಿರ್ಬೇಕು ಅನ್ನೋದೇ ಆ ತಾಯಿಯ ಗುರಿ, ನಿಮ್ಮದೂ ಅದೇ. ಕೈ ಎಲ್ಲಿ ನಿಲ್ಲತ್ತೆ ಅಂತ ತೀರ್ಮಾನ ಮಾಡ್ಕೊಂಡು ಹೋಗ್ಬೇಡಿ. ಕಾಗದ ಓದೋ ಹುಡುಗನಿಗೆ ಹೇಳಿ, ರಿಹರ್ಸಲ್‌ನಲ್ಲಿ ಒಂದ್ಸಲ ಬೇಗ ಓದು, ಒಂದ್ಸಲ ತಡವರಿಸಿ ಓದು, ಒಂದ್ಸಲ ಆ ಸಾಲನ್ನ ನುಂಗಿಬಿಡು ಅಂತ. ನೀವು ಕೇಳಿಸ್ಕೊಳ್ಳೋ ಹಾಗೆ ಆಗ್ಬೇಕು, ಅಷ್ಟೇ ಬೇಕಾಗಿರೋದು. ಕೆಲವು ಸಲ ಕೈ ನಿಲ್ಲದೇ ಜೋರಾಗಿ ಹೊಲಿಯೋಕೆ ಶುರು ಮಾಡ್ಬಹುದು, ಮಾಡ್ಲಿ ಬಿಡಿ, ಅದೂ ನಿಜಾನೇ ಇರತ್ತೆ, ಯಾರಿಗೊತ್ತು ಇನ್ನೂ ಚೆನ್ನಾಗೂ ಇರ್ಬಹುದು.

ಎರಡನೇದು ದೊಡ್ಡ ಜಾಗಕ್ಕೆ ಬೇರೆ ಹೊಂದಾಣಿಕೆ. ಅಂಗಿಯನ್ನ ಮಡಿಲಲ್ಲಿ ಇಟ್ಕೊಂಡು ಹೊಲೀತಿದ್ರೆ ಸ್ವಲ್ಪ ಎತ್ತಿ ಎದೆ ಮಟ್ಟಕ್ಕೆ ತನ್ನಿ, ಬಿಳಿ ಅಂಗಿ ಆದ್ರೆ ನಿಮ್ಮ ಸೀರೆ ಗಾಢ ಬಣ್ಣದ್ದಿರ್ಲಿ, ದಾರ ಎಳೆಯುವಾಗ ತೋಳು ಪೂರ್ತಿ ಹೊರಗೆ ಬರೋಷ್ಟು ಉದ್ದ ಇಟ್ಕೊಳ್ಳಿ, ಆಗ ಕೈ ನಿಂತಿದ್ದು ಹಿಂದಿನವರೆಗೂ ಕಾಣತ್ತೆ. ಲೈಟಿನವರಿಗೆ ಹೇಳಿ ಕೈ ಮೇಲೆ ಬೀಳೋ ಹಾಗೆ ಒಂದು ಸ್ಪಾಟ್ ಕೇಳಿ. ಮೈದಾನದ ಶೋಲಿ ಮೌನವನ್ನ ಅರ್ಧ ಮಾಡೋದೇ ವಾಸಿ. ಇದ್ರಲ್ಲಿ ಅಪಾಯ ಏನಂದ್ರೆ ದೊಡ್ಡದು ಮಾಡೋಕೆ ಹೋಗಿ ಸಣ್ಣ ಹಾಲ್‌ಗೆ ವಾಪಸ್ ಬಂದಾಗ ಅದೇ ದೊಡ್ಡ ಕೈ ಉಳ್ಕೊಂಡುಬಿಡತ್ತೆ, ಹಾಗಾಗಿ ಪ್ರತಿ ಜಾಗದಲ್ಲೂ ಶೋ ಮುಂಚೆ ಒಬ್ಬರನ್ನ ಕೊನೇ ಸಾಲಲ್ಲಿ ಕೂರಿಸಿ ಆ ಸೀನ್ ಒಂದನ್ನ ಓಡಿಸಿ ನೋಡಿ.

ಡೈರೆಕ್ಟರ್ ಸಮಯದ ಬಗ್ಗೆ ಸಿಡುಕೋದು ಸರಿಯಾಗೇ ಇದೆ, ಅವರ ಮೇಲೆ ಬೇಜಾರ್ ಮಾಡ್ಕೊಬೇಡಿ. ಐದು ನಿಮಿಷಕ್ಕಿಂತ ಜಾಸ್ತಿ ನಾಟಕ ಹಿಗ್ಗಿದೆ ಅಂದ್ರೆ ಅದು ಒಂದೇ ಮೌನದಿಂದ ಆಗಿರೋಕೆ ಸಾಧ್ಯ ಇಲ್ಲ, ನಿಮಗೆ ಗೊತ್ತಿಲ್ದೇ ಉಳಿದ ಕಡೆನೂ ತೂಕ ಹಾಕಿ ಮಾತಾಡ್ತಿದೀರ, ನಿಮ್ಮನ್ನ ನೋಡಿ ಬೇರೆಯವರೂ ನಿಧಾನ ಆಗಿರ್ತಾರೆ. ಒಬ್ಬರು ವಿಂಗ್‌ನಲ್ಲಿ ನಿಂತು ಸೀನ್ ಸೀನಿಗೂ ಸಮಯ ಬರ್ಕೊಳ್ಳಲಿ, ಎಲ್ಲಿ ಸೋರ್ತಿದೆ ಅಂತ ಒಂದೇ ರನ್ ಥ್ರೂಲಿ ಗೊತ್ತಾಗತ್ತೆ. ಇಷ್ಟೆಲ್ಲಾ ಮಾಡಿಯೂ ಆ ಜಾಗ ಕೈಗೆ ಬರ್ಲಿಲ್ಲ ಅಂದ್ರೆ ಕೊನೇ ದಾರಿ, ಆ ಮೌನವನ್ನ ಕೆಲವು ಶೋಗೆ ತೆಗೆದೇ ಬಿಡೋದು, ಡೈರೆಕ್ಟರ್ ಒಪ್ಪಿದ್ರೆ ಮಾತ್ರ. ವಿಮರ್ಶೆ ಓದಿ ಬಂದ ಪ್ರೇಕ್ಷಕರು ಕಾಯ್ತಿರ್ತಾರೆ, ಅವರಿಗೆ ನಿರಾಸೆ ಆಗ್ಬಹುದು. ಆದ್ರೂ ಸತ್ತ ಸೀನನ್ನ ಪ್ರತಿ ಊರಿಗೂ ಹೊತ್ಕೊಂಡು ಹೋಗೋದಕ್ಕಿಂತ ಅದು ಒಳ್ಳೇದು.

ಆ ಹುಡುಗನ ವಿಷಯ. ಅವನಿಗೆ ಹೊಟ್ಟೆಕಿಚ್ಚು ಅಂತ ಬರೆದುಬಿಡ್ಬೇಡಿ. ಆ ಸೀನಲ್ಲಿ ಮಾತೆಲ್ಲಾ ಅವನದ್ದು, ನಿಮ್ಮದು ಒಂದೂ ಮಾತಿಲ್ಲ, ಅವನು ಕಾಗದವನ್ನ ಹಾಗೆ ಓದದೇ ಇದ್ದಿದ್ರೆ ನಿಮ್ಮ ಕೈ ನಿಲ್ತಾ ಇರ್ಲಿಲ್ಲ, ಆದ್ರೂ ಅಚ್ಚಾಗಿದ್ದು ನಿಮ್ಮ ಹೆಸರು ಮಾತ್ರ. ನೋವಾಗೋದು ಸಹಜ. ಎಲ್ಲರಿಂದಾನೇ ಆಗಿದ್ದು ಅಂತ ಗ್ರೂಪಲ್ಲಿ ಮೆಸೇಜ್ ಹಾಕಿದ್ರೆ ಯಾರಿಗೂ ಮುಟ್ಟಲ್ಲ. ಅವನ ಹತ್ರ ಕೂತು, ನಿರ್ದಿಷ್ಟವಾಗಿ, ಬೆಂಗಳೂರಿನ ಶೋಲಿ ನೀನು ಆ ಸಾಲಿನ ಮುಂಚೆ ಕನ್ನಡಕ ಸರಿ ಮಾಡ್ಕೊಂಡ್ಯಲ್ಲ, ನನಗೆ ಅಲ್ಲೇ ಎದೆ ಹೊಡ್ಕೊಳ್ತು ಅಂತಲೋ, ನಿಜವಾಗಿ ಏನು ಆಗಿತ್ತೋ ಅದನ್ನ ಹೇಳಿ. ವಿಮರ್ಶಕರು ನಿಮಗೆ ಮಾಡಿದ ಉಪಕಾರವನ್ನ ನೀವು ಅವನಿಗೆ ಮಾಡಿದ ಹಾಗೆ ಆಗತ್ತೆ. ಹೇಗಿದ್ರೂ ಸೀನ್ ಸರಿ ಮಾಡೋಕೆ ಅವನ ಸಹಾಯ ಬೇಕೇ ಬೇಕು.

ಇನ್ನು ಕೆಲಸ ಬಿಡೋ ಮಾತು. ಇಲ್ಲಿ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ, ಒಂದು ವಿಮರ್ಶೆ ಮೇಲೆ ಬ್ಯಾಂಕ್ ಕೆಲಸ ಬಿಡ್ಬೇಡಿ. ನಿಮ್ಮಲ್ಲಿ ಶಕ್ತಿ ಇಲ್ಲ ಅಂತಲ್ಲ, ನಿಮ್ಮ ಪತ್ರದಲ್ಲಿರೋ ಪ್ರಾಮಾಣಿಕತೆ ನೋಡಿದ್ರೆ ಇದೆ ಅಂತಾನೇ ನನಗನ್ಸತ್ತೆ. ಆದ್ರೆ ಒಂದು ಪಾತ್ರ ಒಂದು ಸಂಜೆ ಚೆನ್ನಾಗಾಯ್ತು ಅನ್ನೋದಕ್ಕೂ, ವರ್ಷಗಟ್ಟಲೆ ಇದ್ರಲ್ಲೇ ಅನ್ನ ದುಡೀತೀನಿ ಅನ್ನೋದಕ್ಕೂ ನಡುವೆ ಬಹಳ ದೂರ ಇದೆ. ಹವ್ಯಾಸಿ ರಂಗಭೂಮಿಲಿ ಶೋಗೆ ಸಿಗೋ ದುಡ್ಡು ನಿಮಗೆ ಗೊತ್ತೇ ಇದೆ, ಕೆಲವು ಸಲ ಬಸ್ ಚಾರ್ಜಿಗೂ ಸಾಲಲ್ಲ.

ಸೀರಿಯಲ್‌ನವರು ನಾಟಕದ ವಿಮರ್ಶೆ ನೋಡಿ ಕರೆಯೋದು ಅಪರೂಪ, ಅಲ್ಲಿ ಆಡಿಷನ್ ಲೆಕ್ಕ. ಶೂಟಿಂಗ್ ಬಹುತೇಕ ಬೆಂಗಳೂರಲ್ಲಿ, ತಿಂಗಳಲ್ಲಿ ಎಷ್ಟು ದಿನ ಕರೀತಾರೆ ಅನ್ನೋದು ಕಥೆ ಹೇಗೆ ತಿರುಗತ್ತೆ ಅನ್ನೋದರ ಮೇಲೆ, ಮಧ್ಯದಲ್ಲಿ ಪಾತ್ರನೇ ಮುಗಿದ್ರೂ ಮುಗೀತು. ರಂಗದ ಮೇಲಿನ ಹೆಸರು ಕ್ಯಾಮರಾ ಮುಂದೆ ಅದೇ ರೂಪದಲ್ಲಿ ಬರಲ್ಲ. ಉಮಾಶ್ರೀ ಅವರನ್ನೇ ನೋಡಿ, ದೇವನೂರ ಮಹಾದೇವರ ಒಡಲಾಳ ಸಿ.ಜಿ. ಕೃಷ್ಣಸ್ವಾಮಿ ನಿರ್ದೇಶನದಲ್ಲಿ ನಾಟಕ ಆದಾಗ ಅವರು ಮಾಡಿದ ಸಾಕವ್ವನ್ನ ನೋಡಿದವರು ಇವತ್ತಿಗೂ ಮಾತಾಡ್ತಾರೆ, ಮುದುಕಿ ಪಾತ್ರವನ್ನ ಅಷ್ಟು ಚಿಕ್ಕ ವಯಸ್ಸಿನಲ್ಲಿ ಹೊತ್ತಿದ್ರು. ಸಿನಿಮಾ ಅವರಿಗೆ ಬಹಳ ಕಾಲ ಕೊಟ್ಟಿದ್ದು ಮಾತ್ರ ಹೆಚ್ಚಾಗಿ ಹಾಸ್ಯ ಪಾತ್ರಗಳನ್ನ. 2008ರ ಗುಲಾಬಿ ಟಾಕೀಸ್‌ಗೆ ಶ್ರೇಷ್ಠ ನಟಿ ರಾಷ್ಟ್ರಪ್ರಶಸ್ತಿ ಬರೋ ಹೊತ್ತಿಗೆ ಎಷ್ಟು ವರ್ಷ ಆಗಿತ್ತು ಯೋಚ್ನೆ ಮಾಡಿ. ಅಷ್ಟು ಕಾಲ ಅವರನ್ನ ಹಿಡಿದಿಟ್ಟಿದ್ದು ಬರೀ ಹೊಗಳಿಕೆ ಆಗಿರೋಕೆ ಸಾಧ್ಯ ಇಲ್ಲ, ಪಾತ್ರ ಯಾವುದೇ ಬರ್ಲಿ ಬಿಡದೇ ದುಡಿದ್ರು.

ಪೂರ್ತಿ ರಂಗಭೂಮಿಗೇ ಹೋಗ್ಬೇಕು ಅಂದ್ರೆ ಸರಿಯಾದ ತರಬೇತಿ ತಗೊಂಡು ಹೋಗಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ನಡೀತಿದೆ, ಮೈಸೂರು ರಂಗಾಯಣದ್ದಿದೆ, ಸಾಣೇಹಳ್ಳಿಯ ರಂಗಶಾಲೆ ಇದೆ, ರಾಷ್ಟ್ರೀಯ ನಾಟಕ ಶಾಲೆಯ ಬೆಂಗಳೂರು ಕೇಂದ್ರ ಇದೆ. ಇವೆಲ್ಲಾ ಪೂರ್ಣಾವಧಿ ಕೋರ್ಸ್, ಬೆಳಿಗ್ಗೆಯಿಂದ ರಾತ್ರಿವರೆಗೆ ಅಲ್ಲೇ ಇರ್ಬೇಕು, ಕೆಲವಕ್ಕೆ ವಯಸ್ಸಿನ ಮಿತಿ ಇರತ್ತೆ, ಹಾಗಾಗಿ ಆ ವರ್ಷದ ಪ್ರಕಟಣೆ ನೋಡದೇ ಏನೂ ಪ್ಲಾನ್ ಮಾಡ್ಬೇಡಿ. ಕೋರ್ಸ್ ಮುಗಿದ ಮೇಲೆ ನೀನಾಸಂ ತಿರುಗಾಟ, ಸಾಣೇಹಳ್ಳಿ ಶಿವಸಂಚಾರದಂಥ ತಂಡಕ್ಕೆ ಆಯ್ಕೆ ಆದ್ರೆ ತಿಂಗಳುಗಟ್ಟಲೆ ಊರೂರು ತಿರುಗ್ಬೇಕು. ಐದು ವರ್ಷದ ಮಗು ಇರೋ ಮನೇಲಿ ಇದು ನೀವೊಬ್ರೇ ತಗೊಳ್ಳೋ ತೀರ್ಮಾನ ಅಲ್ಲ, ಮನೆಯವರು ಹೊರೆ ಹಂಚ್ಕೊಳ್ತಾರಾ ಅಂತ ಮೊದಲು ಮಾತಾಡಿ. ಮಧ್ಯದ ದಾರಿನೂ ಇದೆ, ರಜೆ ಹಾಕಿ ಹೋಗಬಹುದಾದ ವಾರ ಹತ್ತು ದಿನದ ಅಭಿನಯ ಶಿಬಿರಗಳು, ಭಾನುವಾರದ ವರ್ಕ್‌ಶಾಪ್‌ಗಳು, ಬೇರೆ ನಿರ್ದೇಶಕರ ಕೈಕೆಳಗೆ ಒಂದು ನಾಟಕ. ನಾನಾಗಿದ್ರೆ ಇದನ್ನೇ ಮೊದಲು ಮಾಡ್ತಿದ್ದೆ. ಬೇರೆ ಬೇರೆ ಥರದ ಎರಡು ಮೂರು ಪಾತ್ರ ಮಾಡಿ, ಆಗ್ಲೂ ಈ ಆಸೆ ಇಷ್ಟೇ ಜೋರಾಗಿದ್ರೆ ಆಗ ಲೋನು, ರಜೆ ಎಲ್ಲಾ ಲೆಕ್ಕ ಹಾಕೋಣ.

ಮುಂದಿನ ಪಾತ್ರ ದಯವಿಟ್ಟು ಇನ್ನೊಂದು ಅಳೋ ತಾಯಿ ಬೇಡ. ವಿಮರ್ಶೆ ಬಂದ ಮೇಲೆ ಎಲ್ಲರೂ ಅದೇ ಥರದ್ದನ್ನೇ ತಂದು ಕೊಡ್ತಾರೆ. ನಟ ಸಿ.ಆರ್. ಸಿಂಹ ಅಂದ್ರೆ ಗಿರೀಶ್ ಕಾರ್ನಾಡರ ನಾಟಕದ ತುಘಲಕ್ ಅನ್ನೋಷ್ಟು ಆ ಪಾತ್ರ ಅವರ ಹೆಸರಿಗೆ ಅಂಟಿತ್ತು, ಆದ್ರೆ ಅವರು 1983ರಲ್ಲಿ ಒಬ್ಬರೇ ಸ್ಟೇಜ್ ಮೇಲೆ ನಿಂತು ನಾಟಕಕಾರ ಕೈಲಾಸಂ ಬಗ್ಗೆ ಟಿಪಿಕಲ್ ಟಿ.ಪಿ. ಕೈಲಾಸಂ ಅನ್ನೋ ನಾಟಕ ಮಾಡಿದ್ರು. ಸುಲ್ತಾನನ ಗತ್ತೆಲ್ಲಿ, ಕೈಲಾಸಂ ಅವರ ತಮಾಷೆ ಸಂಕಟ ಎಲ್ಲಿ. ಒಬ್ಬ ನಟ ತನ್ನ ಹೊಗಳಿಕೆಯಿಂದ ಹೊರಗೆ ಬರೋದು ಹೀಗೆ. ನಿಮ್ಮ ಡೈರೆಕ್ಟರ್ ಹತ್ರ ಒಂದು ಹಾಸ್ಯದ ಪಾತ್ರ ಕೇಳಿ, ಬಾಯ್ತುಂಬಾ ಮಾತಿರೋದು, ಓಡಾಟ ಇರೋದು.

ಕೊನೇದು, ವಿಮರ್ಶಕರಿಗೆ ಫೋನ್ ಮಾಡೋದು. ಮಾಡಬಾರದು ಅಂತೇನಿಲ್ಲ, ಆದ್ರೆ ಮೆಸೇಜ್ ವಾಸಿ, ಅವರಿಗೂ ಮುಜುಗರ ಆಗಲ್ಲ. ನೀವು ಆ ಹೊಲಿಗೆಯನ್ನ ಗಮನಿಸಿದ್ದು ಸಂತೋಷ ಆಯ್ತು, ಕಾಗದ ಓದೋ ಪಾತ್ರ ಮಾಡಿದವರು ಇಂಥವರು, ಆ ಸೀನ್ ಇಬ್ಬರದ್ದೂ ಅಂತ ಎರಡು ಸಾಲು ಬರೀರಿ, ಸಾಕು. ಇನ್ನೊಂದು ಶೋಗೆ ಬನ್ನಿ ಅಂತ ಕರೀಬಹುದು, ಇನ್ನೊಮ್ಮೆ ಬರೀರಿ ಅಂತ ಮಾತ್ರ ಕೇಳ್ಬೇಡಿ. ಅವರು ಬಂದ್ರೆ ಶೋ ಮುಗಿದ ಮೇಲೆ ಹೇಗಿತ್ತು ಅಂತ ಕೇಳೋ ಬದಲು, ಯಾವ ಜಾಗದಲ್ಲಿ ನಿಮ್ಮ ಗಮನ ಬೇರೆ ಕಡೆ ಹೋಯ್ತು ಅಂತ ಕೇಳಿ. ಪುರವಣಿಲಿ ಬರೆಯೋಕೆ ಜಾಗ ಸಿಗದ ಎಷ್ಟೋ ವಿಷಯ ಆ ಪ್ರಶ್ನೆಗೆ ಹೊರಗೆ ಬರತ್ತೆ.